ಕಸ್ತೂರೆವ್ವ ಒತ್ತದ ಗುಂಡಿ

ನಾಯಿಯ ಮಂಡಿನೋವು ಅದನ್ನು ಸಾಕಿದವರ ಮಂಡಿಗೂ ಬಂದರೆ ಏನಾಗುತ್ತದೆ?

ಇರ್ಫಾನ್ ನದಾಫ ಈ ಪ್ರಶ್ನೆ ಕೇಳಿದಾಗ ನಾನು ಆಸ್ಪತ್ರೆಯ ಹಿಂದಿನ ಕಟ್ಟೆಯ ಮೇಲೆ ಕೂತು ಗಿರಮಿಟ್ ತಿನ್ನುತ್ತಿದ್ದೆ. ನಕ್ಕುಬಿಟ್ಟೆ. ಇರ್ಫಾನ್ ನಗಲಿಲ್ಲ. ಅವನು ನಮ್ಮ ಹುಬ್ಬಳ್ಳಿಯ ಪ್ರಾಣಿ ಎಲುಬಿನ ಆಸ್ಪತ್ರೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್. ತಮಾಷೆಗೆಂದು ಬಾಯಿ ತೆರೆಯುವವನಲ್ಲ. ಕೇಳಿದ್ದು ತಮಾಷೆಯಾಗಿದ್ದರೂ ಅದನ್ನು ಮಾಡಿ ತೋರಿಸುವವನು.

ಅವನು ಯಾಕೆ ಕೇಳಿದ ಎನ್ನುವುದು ನನಗೆ ಗೊತ್ತಿತ್ತು. ನಾಯಿಯ ಮಂಡಿಯೊಳಗಿನ ಕಟ್ಟು ಹರಿದರೆ ನಾವು ಕಾಲಿನ ಎಲುಬಿನ ತಲೆಯನ್ನು ಕೊಯ್ದು, ಸ್ವಲ್ಪ ತಿರುಗಿಸಿ, ಪ್ಲೇಟು ಹಾಕಿ ಸ್ಕ್ರೂ ಬಿಗಿಯುತ್ತೇವೆ. ಅದು ಒಂದು ಮಧ್ಯಾಹ್ನದ ಕೆಲಸ. ನನ್ನ ನಿದ್ದೆ ಕೆಡಿಸುವುದು ಅದರ ನಂತರದ ವಾರಗಳು. ಪ್ಲೇಟಿನ ಅಡಿಯಲ್ಲಿ ಕೀವಾಗಬಹುದು, ಸ್ಕ್ರೂ ಸಡಿಲಾಗಬಹುದು, ಎಲುಬುಗಳ ನಡುವಿನ ಮೆತ್ತೆ ಹರಿಯಬಹುದು. ಬೇಗ ಗೊತ್ತಾದರೆ ಎಲ್ಲಕ್ಕೂ ಉಪಾಯವಿದೆ. ಆದರೆ ನಾಯಿ ಹೇಳುವುದಿಲ್ಲ. ಕಾಡಿನಲ್ಲಿ ಕುಂಟಿದ ಪ್ರಾಣಿ ಇನ್ನೊಂದರ ಊಟವಾಗುತ್ತಿತ್ತು, ಆ ಹೆದರಿಕೆ ಇನ್ನೂ ಅದರ ರಕ್ತದಲ್ಲಿದೆ. ಮಂಡಿಯಲ್ಲಿ ಕೀವು ತುಂಬಿಕೊಂಡು ಬಾಲ ಅಲ್ಲಾಡಿಸುತ್ತದೆ. ಮನೆಯವರು "ಊಟ ಚಲೋ ಮಾಡತೈತ್ರಿ" ಎಂದು ನೆಮ್ಮದಿಯಾಗಿರುತ್ತಾರೆ. ನಮ್ಮಲ್ಲಿಗೆ ಬರುವ ಹೊತ್ತಿಗೆ ಕಾಲು ಕೈಬಿಟ್ಟು ಹೋಗಿರುತ್ತದೆ.

ಮೊದಲು ನಾವು ಪ್ಲೇಟಿನಿಂದ ಮನೆಯವರ ಮೊಬೈಲಿಗೆ ಸಂದೇಶ ಕಳಿಸಿ ನೋಡಿದ್ದೆವು. ಸೀರೆ ಅಂಗಡಿಯ ಸಂದೇಶ, ಬ್ಯಾಂಕಿನ ಸಂದೇಶಗಳ ಜೊತೆ ಅದನ್ನೂ ಜನ ತಣ್ಣಗೆ ಬದಿಗೆ ಸರಿಸಿದರು. ಬೇರೆಯವರ ನೋವು ಅಕ್ಷರವಾಗಿ ಬಂದರೆ ಓದಿ ಬಿಡಬಹುದು, ಮೈಗೆ ಬಂದರೆ ಬಿಡಲಾಗುವುದಿಲ್ಲ ಎನ್ನುವುದು ಇರ್ಫಾನನ ತರ್ಕ.

ಒಂದು ವರ್ಷ ಕೋಣೆಯ ಬಾಗಿಲು ಹಾಕಿಕೊಂಡು ಅವನು ಮಾಡಿದ್ದಕ್ಕೆ ನಾವು ಜೋಡುಪಟ್ಟಿ ಎಂದು ಹೆಸರಿಟ್ಟೆವು. ನಾಯಿಯ ಪ್ಲೇಟಿನಿಂದ ಕೂದಲಿನಂಥ ತಂತಿಯೊಂದು ಮಂಡಿಯ ನರವನ್ನು ಮುಟ್ಟಿಕೊಂಡಿರುತ್ತದೆ. ನರದಲ್ಲಿ ಓಡುವ ಮಿಡಿತ ಗಾಳಿಯ ಮೂಲಕ ಮನೆಯವರ ಕಾಲಿಗೆ ಕಟ್ಟಿದ ಪಟ್ಟಿಗೆ ಬರುತ್ತದೆ. ಪಟ್ಟಿ ಅದೇ ಲಯದಲ್ಲಿ ಮನುಷ್ಯನ ಮಂಡಿಯ ನರವನ್ನು ತಟ್ಟುತ್ತದೆ. ನಾಯಿಯ ನೋವಿನ ಸಣ್ಣದೊಂದು ಪಾಲು ಮಾತ್ರ, ಆದರೆ ನಿಜವಾದ ನೋವು.

ಹಾಗಾದರೆ ಆ ಮಿಡಿತವನ್ನು ನೇರವಾಗಿ ನಮ್ಮ ನಿಗಾ ಕೋಣೆಯ ಯಂತ್ರವೇ ಓದಬಾರದೇಕೆ ಎಂದು ನಾನೂ ಕೇಳಿದೆ. ಓದುತ್ತದೆ, ಆದರೆ ಅರ್ಥವಾಗುವುದಿಲ್ಲ ಎಂದ ಇರ್ಫಾನ್. ಯಜಮಾನನನ್ನು ಕಂಡು ಜಿಗಿದರೂ ಪರದೆಯ ಮೇಲಿನ ಗೆರೆ ಏರುತ್ತದೆ, ಮೆಟ್ಟಿಲು ಹತ್ತಿದರೂ ಏರುತ್ತದೆ, ಕೀವಾದರೂ ಏರುತ್ತದೆ. ಯಂತ್ರಕ್ಕೆ ಎಲ್ಲವೂ ಒಂದೇ. ಆದರೆ ಓಡಿ ದಣಿದ ಕಾಲಿನ ನೋವು ಯಾವುದು, ಕುರು ಎದ್ದು ಬಡಿದುಕೊಳ್ಳುವ ನೋವು ಯಾವುದು ಎಂದು ಮೈಯುಳ್ಳ ಯಾರಿಗಾದರೂ ಗೊತ್ತು. ಅದಕ್ಕೇ ಪಟ್ಟಿಯ ಮೇಲೊಂದು ಗುಂಡಿ. ನೋವಿನ ಬಗೆ ಬದಲಾಯಿತು ಎನ್ನಿಸಿದರೆ ಅದನ್ನು ಒತ್ತಬೇಕು. ನಿಗಾ ಕೋಣೆಯ ಗೋಡೆಯ ಮೇಲೆ ಆ ಮನೆಯ ದೀಪ ಕೆಂಪಾಗುತ್ತದೆ, ನಮ್ಮ ಗಾಡಿ ಹೊರಡುತ್ತದೆ.

ಊರು ಇದಕ್ಕೆ ಬೇಗ ಹೊಂದಿಕೊಂಡಿತು. ದುರ್ಗದ ಬೈಲಿನಲ್ಲಿ ಸಂತಿ ಮಾಡುವವರು ಯಾರಾದರೂ ಕುಂಟಿದರೆ, ನಾಯಿದೋ ಬೆಕ್ಕಿನದೋ ಎಂದು ಕೇಳುವುದು ಉಭಯ ಕುಶಲೋಪರಿಯಾಯಿತು. ಕುಂದಗೋಳದ ಕಡೆಯ ರೈತರೊಬ್ಬರು ಮಂಡಿಚಿಪ್ಪು ಸಿಕ್ಕಿಕೊಂಡಿದ್ದ ತಮ್ಮ ಎತ್ತಿನ ಪಟ್ಟಿ ಕಟ್ಟಿಕೊಂಡು, ಮೊದಲ ದಿನವೇ ಅದರ ಮೈಸವರಿ ಅತ್ತರಂತೆ. ವಿದ್ಯಾನಗರದ ಶ್ರೀಮಂತರೊಬ್ಬರು ತಮ್ಮ ನಾಯಿಯ ಪಟ್ಟಿಯನ್ನು ಮನೆಗೆಲಸದವನ ಕಾಲಿಗೆ ಕಟ್ಟಿದ್ದು ಗೊತ್ತಾಗಿ ನಾನು ಅವರನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ. ನೋವಿಗೂ ಆಳು ಇಡುವ ಜನ ಇದ್ದಾರೆ ಎಂದು ನಾವಿಬ್ಬರೂ ಆಗ ಆಶ್ಚರ್ಯಪಟ್ಟೆವು. ಆಶ್ಚರ್ಯಪಡುವಂಥದ್ದೇನೂ ಇರಲಿಲ್ಲ.

ಎಷ್ಟೋ ಪ್ರಾಣಿಗಳ ಕಾಲುಗಳು ಉಳಿದವು. ಅದೇ ಹೊತ್ತಿಗೆ ಚಿಗರಿ ನಮ್ಮಲ್ಲಿಗೆ ಬಂತು.

*

ಚಿಗರಿ ಮುಧೋಳದ ಹೆಣ್ಣುನಾಯಿ. ಹಳೇ ಹುಬ್ಬಳ್ಳಿಯಲ್ಲಿ ಖಾನಾವಳಿ ನಡೆಸುವ ಗುರುಪಾದಪ್ಪ ಅಂಗಡಿ ಎಂಬವರ ಮನೆಯದು. ಆ ಜಾತಿಯ ನಾಯಿಗಳು ಓಡುವುದಕ್ಕೆಂದೇ ಹುಟ್ಟಿದವು, ಮೈಮೇಲೆ ಒಂದು ತುಂಡು ಕೊಬ್ಬಿರುವುದಿಲ್ಲ. ಇದು ಮರಿಯಾಗಿದ್ದಾಗ ಗಾಡಿಯೊಂದರ ಬೆನ್ನುಹತ್ತಿ, ಅದೇ ಗಾಡಿಯ ಕೆಳಗೆ ಸಿಕ್ಕು ಹಿಂದಿನ ಎಡಗಾಲಿನ ಸೊಂಟ ಮುರಿದುಕೊಂಡಿತ್ತು. ಆ ಕಾಲು ನೆಲ ಮುಟ್ಟುತ್ತದೆ, ಭಾರ ಹೊರುವುದಿಲ್ಲ. ಈಗ ಹರಿದದ್ದು ಬಲ ಮಂಡಿಯ ಕಟ್ಟು.

ನಾನು ಮೊದಲ ದಿನವೇ ಗುರುಪಾದಪ್ಪನವರಿಗೆ ಬಿಚ್ಚಿ ಹೇಳಿದೆ. ಬೇರೆ ನಾಯಿಯಾದರೆ ಮಂಡಿ ಕೆಟ್ಟರೆ ಕಾಲು ತೆಗೆಯುತ್ತೇವೆ, ಮೂರು ಕಾಲಿನಲ್ಲಿ ಹಾಯಾಗಿರುತ್ತದೆ. ಇದಕ್ಕೆ ಆ ಭಾಗ್ಯವಿಲ್ಲ. ಈ ಮಂಡಿ ಹೋದರೆ ಇದು ಏಳುವುದಿಲ್ಲ, ಆಗ ನನ್ನ ಕೈಯಲ್ಲಿ ಉಳಿಯುವುದು ಕೊನೆಯ ಇಂಜೆಕ್ಷನ್ ಒಂದೇ. ಗುರುಪಾದಪ್ಪನವರು ದೊಡ್ಡ ಮೈಯ, ದೊಡ್ಡ ದನಿಯ ಮನುಷ್ಯ. ಟೋಪಿ ತೆಗೆದು ಕೈಯಲ್ಲಿ ಹಿಡಿದು, ನಾಯಿಯ ಕಡೆ ನೋಡದೆ, ನೀವು ಹೇಳಿದಂತೆಯೇ ಆಗಲಿ ಎಂದರು.

ಆಪರೇಷನ್ ಚೆನ್ನಾಗಿಯೇ ಆಯಿತು. ಗುರುಪಾದಪ್ಪನವರ ಕಾಲಿಗೆ ಪಟ್ಟಿ ಕಟ್ಟಿ ಇರ್ಫಾನ್ ಎಲ್ಲವನ್ನೂ ಹೇಳಿಕೊಟ್ಟ. ಅವರು ಪರೀಕ್ಷೆಗೆಂದು ಗುಂಡಿ ಒತ್ತಿ, ದೀಪ ಕೆಂಪಾದದ್ದು ಕಂಡು ಮಕ್ಕಳಂತೆ ನಕ್ಕರು.

ಮನೆಗೆ ಹೋದ ಮೊದಲ ಕೆಲವು ದಿನ ಆ ದೀಪ ಒಂದೆರಡು ಸಲ ಕೆಂಪಾಯಿತು. ನಮ್ಮವರು ಹೋಗಿ ನೋಡಿದರೆ, ಒಮ್ಮೆ ಚಿಗರಿ ಹೊಲಿಗೆ ನೆಕ್ಕಿತ್ತು, ಇನ್ನೊಮ್ಮೆ ಕಟ್ಟೆಯಿಂದ ಹಾರಿತ್ತು. ಆಮೇಲೆ ದೀಪ ಹಸಿರಿಗೆ ಬಂದದ್ದು ಹಸಿರಾಗಿಯೇ ನಿಂತಿತು. ವಾರಗಟ್ಟಲೆ ಒಂದು ಕರೆಯಿಲ್ಲ, ಒಂದು ದೂರಿಲ್ಲ. ಗೋಡೆಯ ಮೇಲಿನ ಅಷ್ಟೂ ದೀಪಗಳಲ್ಲಿ ಅಷ್ಟು ಒಳ್ಳೆಯ ದೀಪ ಇನ್ನೊಂದಿರಲಿಲ್ಲ. ಬೆಳಗಾವಿಯಿಂದ ನೋಡಲು ಬಂದ ವೈದ್ಯರಿಗೆ ನಾನು ಅದನ್ನೇ ತೋರಿಸಿದೆ.

ಎಕ್ಸ್‌ರೇಗೆಂದು ಚಿಗರಿಯನ್ನು ಕರೆತಂದ ದಿನ ಗುರುಪಾದಪ್ಪನವರು ಗಾಡಿಯಿಂದ ಇಳಿದು ಮೆಟ್ಟಿಲನ್ನು ಸರಸರ ಹತ್ತಿ ಬಂದರು. ನಾಯಿ ಮಾತ್ರ ಬಲಗಾಲಿನ ಮೇಲೂ ಪೂರ್ತಿ ಭಾರ ಹಾಕದೆ, ಮುಂಗಾಲುಗಳ ಮೇಲೆ ವಾಲಿಕೊಂಡು ಬರುತ್ತಿತ್ತು. ಪಟ್ಟಿ ಕಟ್ಟಿದ್ದರೆ ಅವರೂ ಕುಂಟಬೇಕಿತ್ತು. ಅವರ ಪ್ಯಾಂಟು ಎತ್ತಿಸಿ ನೋಡಿದೆ. ಮಂಡಿ ಬರಿದಾಗಿತ್ತು.

"ಪಟ್ಟಿ ಎಲ್ಲೈತ್ರಿ?" ಎಂದೆ.

"ಮನ್ಯಾಗ ಐತ್ರಿ ಡಾಕ್ಟರ್ ಬಾಯಾರ. ನಮ್ಮ ಮನಿಯಾಕಿ ಕಟ್ಟಿಕೊಂಡಾಳ್ರಿ. ಗಲ್ಲಾದ ಮ್ಯಾಲೆ ಕುಂತು ಗಿರಾಕಿ ನೋಡಬೇಕು, ನನಗ ಅದು ಭಾಳ ತ್ರಾಸ ಆತು. ಆಕಿಗೇನೂ ತ್ರಾಸ ಇಲ್ಲಂತ. ಒಂದ ದಿನಾನೂ ಹುಂ ಅಂದಿಲ್ಲ."

ಅದನ್ನು ಅವರು ಹೆಮ್ಮೆಯಿಂದಲೇ ಹೇಳಿದರು. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಹಣೆಗೆ ಬಟ್ಟೆ ಹಾಕುವವಳು ಯಾರೋ, ಮುದುಕರಿಗೆ ಮಾತ್ರೆ ಕೊಡುವವಳು ಯಾರೋ, ಅವಳ ಕಾಲಿಗೇ ಇದೂ ಹೋಗಿತ್ತು. ಮನೆಯಲ್ಲಿ ಯಾರೂ ಅದನ್ನು ನಿರ್ಧಾರ ಮಾಡಿದ್ದಲ್ಲ, ತಾನಾಗಿಯೇ ಹೋಗಿತ್ತು. ವಿದ್ಯಾನಗರದವರ ಮೇಲೆ ಕೂಗಾಡಿದಂತೆ ಇವರ ಮೇಲೆ ಕೂಗಾಡಲು ನನಗೆ ಬಾಯಿ ಬರಲಿಲ್ಲ.

ಎಕ್ಸ್‌ರೇಯಲ್ಲಿ ಮೇಲಿನ ಎರಡು ಸ್ಕ್ರೂಗಳ ಸುತ್ತ ಎಲುಬು ಕರಗಿ ಕಪ್ಪು ಬಳೆ ಕಂಡಿತು. ಕೀವು. ಇರ್ಫಾನ್ ನಿಗಾ ಕೋಣೆಯಲ್ಲಿ ಹಳೆಯ ಗೆರೆಗಳನ್ನು ಹಿಂದಕ್ಕೆ ಓಡಿಸಿ ನೋಡಿದ. ಗೆರೆ ನಿಧಾನವಾಗಿ, ನಿಲ್ಲದೆ ಏರುತ್ತಲೇ ಬಂದಿತ್ತು. ಯಂತ್ರಕ್ಕೆ ಅದು ಚುರುಕಾಗಿ ಓಡಾಡುತ್ತಿರುವ ನಾಯಿಯ ಗೆರೆ. ಇಷ್ಟು ನೋವಿನ ಸಣ್ಣ ಪಾಲು ಪಟ್ಟಿಗೆ ಹೋಗಿದ್ದರೂ ಕಟ್ಟಿಕೊಂಡವರಿಗೆ ನಿಲ್ಲಲು ಆಗುತ್ತಿರಲಿಲ್ಲ, ಪಟ್ಟಿಯೇ ಕೆಟ್ಟಿರಬೇಕು ಎಂದ ಅವನು. ನೋಡಿಕೊಂಡು ಬರೋಣ ಎಂದು, ಚಿಗರಿಯನ್ನು ಆಸ್ಪತ್ರೆಯಲ್ಲೇ ಬಿಟ್ಟು, ಇಬ್ಬರೂ ಗುರುಪಾದಪ್ಪನವರ ಜೊತೆ ಹೊರಟೆವು.

*

ಖಾನಾವಳಿಯಲ್ಲಿ ಊಟದ ಹೊತ್ತು. ಮುಂದೆ ಜನ ತುಂಬಿತ್ತು. ಹಿಂದಿನ ಅಡುಗೆಮನೆಯಲ್ಲಿ ಅವರ ಹೆಂಡತಿ ಕಸ್ತೂರೆವ್ವ ಒಂದು ಕಾಲು ಮಡಚಿ, ಒಂದು ಕಾಲು ಚಾಚಿ, ಒಲೆಯ ಮುಂದೆ ನೆಲದ ಮೇಲೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದರು. ಸಣಕಲು ಮೈ, ಹಣೆಯ ಮೇಲೆ ವಿಭೂತಿ, ಕೈ ಮಾತ್ರ ಗಂಡಸಿನ ಕೈಯಷ್ಟು ಗಟ್ಟಿ. ನಮ್ಮನ್ನು ಕಂಡು ಏಳಲು ಹೋದರು. ಮೊದಲು ಗೋಡೆ ಹಿಡಿದರು, ಆಮೇಲೆ ಕಿಟಕಿಯ ಕಂಬಿ, ಆಮೇಲೆ ನಿಂತರು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

ಪಟ್ಟಿ ಕೆಟ್ಟಿರಲಿಲ್ಲ. ಇರ್ಫಾನ್ ಅದನ್ನು ತನ್ನ ಕಾಲಿಗೆ ಕಟ್ಟಿಕೊಂಡ ಕೂಡಲೇ ಹಲ್ಲು ಕಚ್ಚಿ ಹಿಟ್ಟಿನ ಚೀಲದ ಮೇಲೆ ಕೂತುಬಿಟ್ಟ.

ಇಷ್ಟು ನೋವಾದರೂ ಗುಂಡಿ ಏಕೆ ಒತ್ತಲಿಲ್ಲ ಎಂದು ಕೇಳಿದೆ. ಕಸ್ತೂರೆವ್ವ ನನ್ನನ್ನೂ ಅವನನ್ನೂ ನೋಡಿದರು. ತಮ್ಮ ಮೊಣಕಾಲು ಎಷ್ಟೋ ವರ್ಷದಿಂದ ಹೀಗೆಯೇ ನೋಯುತ್ತದೆ ಎಂದರು. ಈಗೀಗ ಸ್ವಲ್ಪ ಹೆಚ್ಚಾಗಿತ್ತು, ಥಂಡಿಗೆ ಇರಬೇಕು ಎಂದುಕೊಂಡಿದ್ದರು. ನೋವು ಅಂತ ದವಾಖಾನೆಯ ಗಾಡಿ ಕರೆಸುವುದು ಹೇಗೆ, ರೊಟ್ಟಿ ಬಡಿಯುವವರು ಯಾರು ಎಂದು ನನ್ನನ್ನೇ ಕೇಳಿದರು. ಬಾಗಿಲಲ್ಲಿ ನಿಂತಿದ್ದ ಗುರುಪಾದಪ್ಪನವರು, ನಿನಗೆ ಮೊಣಕಾಲು ನೋವು ಯಾವಾಗಿನಿಂದ ಎಂದರು. ಅವರು ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದರು.

ನಮ್ಮ ಲೆಕ್ಕಾಚಾರ ಎಲ್ಲಿ ತಪ್ಪಿತು ಎಂದು ಆಗ ನನಗೆ ಹೊಳೆಯಿತು. ತಂತಿ ಸರಿ, ಪಟ್ಟಿ ಸರಿ, ಗುಂಡಿ ಸರಿ. ನೋವಾದ ಮನುಷ್ಯ ನೋವಾಯಿತು ಎನ್ನುತ್ತಾನೆ ಎಂದು ನಾವು ನಂಬಿದ್ದೇ ತಪ್ಪು. ನೋವನ್ನು ಅಡಗಿಸುವ ಪ್ರಾಣಿಯಿಂದ ಬಿಡಿಸಿಕೊಂಡು ಬಂದು, ಅದನ್ನು ಅದಕ್ಕಿಂತ ಚೆನ್ನಾಗಿ ಅಡಗಿಸಬಲ್ಲವರ ಕೈಗೆ ಕೊಟ್ಟಿದ್ದೆವು.

ಆದರೂ ಇರ್ಫಾನನಿಗೆ ಅಳೆದು ನೋಡದೆ ಸಮಾಧಾನವಿಲ್ಲ. ಮಾರನೆಯ ಬೆಳಿಗ್ಗೆ ಅವರನ್ನು ಪ್ರಯೋಗಾಲಯಕ್ಕೆ ಕರೆಸಿ ಕುರ್ಚಿಯಲ್ಲಿ ಕೂಡಿಸಿದ. ಚಿಗರಿ ಪಕ್ಕದ ಕೋಣೆಯಲ್ಲಿತ್ತು. ಪಟ್ಟಿ ಕಟ್ಟಿ, ಒಂದಿಷ್ಟು ಹೊತ್ತು ಬಿಟ್ಟು, ನಾಯಿಯ ಕಡೆಯಿಂದ ಬರುವ ಮಿಡಿತವನ್ನು ಬಂದ್ ಮಾಡಿದ. ಈಗ ಉಳಿದಿರುವುದಷ್ಟೇ ನಿಮ್ಮ ನೋವು ಎಂದ.

ಕಸ್ತೂರೆವ್ವ ಕಾಲನ್ನು ಮೆಲ್ಲಗೆ ಚಾಚಿದರು, ಮಡಚಿದರು. ಆಮೇಲೆ ಕಣ್ಣಿಂದ ನೀರು ಇಳಿಯತೊಡಗಿತು. ಹಗುರಾಯಿತಲ್ಲ, ಅದಕ್ಕೆ ಅಳುತ್ತಿದ್ದಾರೆ ಎಂದು ನಾನು ತಿಳಿದೆ.

"ಎಲ್ಲಾ ನಂದ ಅಂತ ತಿಳಕೊಂಡಿದ್ನೆಲ್ರಿ ಬಾಯಾರ," ಎಂದರು ಅವರು. "ಅದು ನನ್ನ ಕಾಲಾಗ ಬಂದು ದಿನಾ ಒದರಾಕತ್ತಿತ್ತು. ನಾ ಸುಮ್ನಿರು ಸುಮ್ನಿರು ಅಂತ ಎಣ್ಣಿ ತಿಕ್ಕಿ ಮಲಗೀನಿ."

ಇರ್ಫಾನ್ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ನಾನು ಅವರ ಕೈ ಹಿಡಿದುಕೊಂಡು ಕೂತೆ.

*

ಚಿಗರಿಗೆ ಎರಡನೆಯ ಸಲ ಆಪರೇಷನ್ ಮಾಡಿದೆವು. ಸಡಿಲಾದ ಸ್ಕ್ರೂ ತೆಗೆದು ಬೇರೆ ಜಾಗದಲ್ಲಿ ಬಿಗಿದೆವು, ಒಳಗೆಲ್ಲ ತೊಳೆದೆವು, ಕೀವಿನಲ್ಲಿರುವ ಕ್ರಿಮಿ ಯಾವ ಔಷಧಿಗೆ ಬಗ್ಗುತ್ತದೆ ಎಂದು ಬೆಳೆಸಿ ನೋಡಿ ಅದನ್ನೇ ಶುರುಮಾಡಿದೆವು. ಪ್ಲೇಟು ಇರುವ ತನಕ ಕ್ರಿಮಿ ಪೂರ್ತಿ ಸಾಯುವುದಿಲ್ಲ, ಅದಕ್ಕೆ ಅಂಟಿಕೊಂಡು ಬದುಕುತ್ತದೆ. ಎಲುಬು ಕೂಡುವ ಮೊದಲು ಪ್ಲೇಟು ತೆಗೆಯುವಂತಿಲ್ಲ. ಅಂದರೆ ಎಲುಬು ಕೂಡುವ ತನಕ ಕ್ರಿಮಿಯನ್ನು ತುಳಿದು ಹಿಡಿದಿರಬೇಕು. ಅದು ತಲೆಯೆತ್ತಿದ ದಿನವೇ ನಮಗೆ ಗೊತ್ತಾಗಬೇಕು. ಈ ಸಲ ತಡವಾದರೆ ಮೂರನೆಯ ಆಪರೇಷನ್ ಇಲ್ಲ, ಮಿಕ್ಕಿದ್ದೆಲ್ಲ ಮೊದಲೇ ಹೇಳಿದ್ದೇನೆ ಎಂದೆ ಗಂಡ ಹೆಂಡತಿ ಇಬ್ಬರಿಗೂ.

ಪಟ್ಟಿಯನ್ನು ಯಾರು ಕಟ್ಟಿಕೊಳ್ಳಬೇಕು ಎನ್ನುವುದೇ ಈಗ ಪ್ರಶ್ನೆ. ನಾಚಿಕೆಗೋ ಪಶ್ಚಾತ್ತಾಪಕ್ಕೋ, ಗುರುಪಾದಪ್ಪನವರು ಮುಂದೆ ಬಂದರು. ದೀಪ ಕೆಂಪಾಯಿತು. ಗಾಡಿ ಹೋಯಿತು, ಏನೂ ಇರಲಿಲ್ಲ. ಗಾಡಿ ವಾಪಸು ಬರುವ ಮೊದಲೇ ಮತ್ತೆ ಕೆಂಪು. ಚಿಗರಿ ಸೀನಿದರೂ ಒತ್ತಿದರು, ಮಗ್ಗುಲು ಬದಲಿಸಿದರೂ ಒತ್ತಿದರು. ನಮ್ಮ ಚಾಲಕ, ಈ ದವಾಖಾನಿ ಬಿಟ್ಟು ಖಾನಾವಳಿಯಲ್ಲೇ ಕೆಲಸಕ್ಕೆ ಸೇರುತ್ತೇನೆ ಎಂದ. ಯಾವಾಗಲೂ ಕೆಂಪಾಗಿರುವ ದೀಪಕ್ಕೂ ಯಾವಾಗಲೂ ಹಸಿರಾಗಿರುವ ದೀಪಕ್ಕೂ ನಮಗೇನೂ ವ್ಯತ್ಯಾಸವಿಲ್ಲ.

ಆಗ ಕಸ್ತೂರೆವ್ವ, ನನಗೇ ಕಟ್ಟಿರಿ ಎಂದರು. ಇರ್ಫಾನ್ ಬೇಡವೆಂದ. ಇವರದೇ ನೋವಿನ ಗದ್ದಲದಲ್ಲಿ ನಾಯಿಯ ದನಿ ಮುಳುಗುತ್ತದೆ ಎನ್ನುವುದು ಅವನ ಹೆದರಿಕೆ, ಅದು ಸುಳ್ಳಲ್ಲ. ನಾನು ಅವರನ್ನೇ ಕೇಳಿದೆ.

"ಈ ಸಲ ಒತ್ತತೀರೇನ್ರಿ ಕಸ್ತೂರೆವ್ವಾರ?"

ಅವರು ಪಟ್ಟಿಯ ಗುಂಡಿಯ ಮೇಲೆ ಬೆರಳಾಡಿಸಿದರು. "ರೂಢಿ ಇಲ್ರಿ," ಎಂದರು. "ಕಲೀತೀನಿ."

ಹೀಗೆ ನಮ್ಮ ಪ್ರಯೋಗಾಲಯದಲ್ಲಿ ಒಂದು ವಿಚಿತ್ರವಾದ ಶಾಲೆ ಶುರುವಾಯಿತು. ಊಟದ ಗಲಾಟೆ ಮುಗಿದ ಮೇಲೆ ಕಸ್ತೂರೆವ್ವ ಬರುತ್ತಿದ್ದರು. ಇರ್ಫಾನ್ ಹೇಳದೆ ಕೇಳದೆ ನಾಯಿಯ ಮಿಡಿತವನ್ನು ಬಿಡುತ್ತಿದ್ದ, ನಿಲ್ಲಿಸುತ್ತಿದ್ದ. ಈಗಿನದು ಯಾರದು ಎಂದು ಅವರು ಹೇಳಬೇಕು. ಚಿಗರಿಯದನ್ನು ಗುರುತಿಸುವುದು ಅವರಿಗೆ ಬೇಗ ಬಂತು. ಕಷ್ಟವಾದದ್ದು "ಇದು ನಂದು" ಎನ್ನುವುದು. ಆ ಮಾತು ಬಂದಾಗಲೆಲ್ಲ ದನಿ ಸಣ್ಣದಾಗುತ್ತಿತ್ತು. ಏನಿಲ್ಲ ಬಿಡ್ರಿ, ಅದೊಂದು ಇದ್ದದ್ದೇ ಎಂದು ಕೈಯಾಡಿಸುತ್ತಿದ್ದರು. ಇರ್ಫಾನ್ ಬಿಡುತ್ತಿರಲಿಲ್ಲ. ನಿಮ್ಮ ನೋವಿನ ಆಕಾರ ತಿಳಿಯದೆ ಅದರದನ್ನು ಬೇರೆ ಮಾಡುವುದು ಹೇಗೆ, ಎಲ್ಲಿ, ಯಾವಾಗ, ಹೇಗೆ ನೋಯುತ್ತದೆ ಹೇಳಿ ಎಂದು ಪಟ್ಟು ಹಿಡಿಯುತ್ತಿದ್ದ.

ಸಂಜೆ ನಾನು ಫೋನು ಮಾಡಿ ಅದನ್ನೇ ಕೇಳುತ್ತಿದ್ದೆ. ಮೊದಮೊದಲು "ಏನಿಲ್ರಿ, ಆರಾಮ" ಎಂಬ ಒಂದೇ ಉತ್ತರ. ಹೋಗ್ತಾ ಹೋಗ್ತಾ ಮಾತು ಬಿಚ್ಚಿಕೊಂಡಿತು. ಒಲೆಯ ಮುಂದಿನಿಂದ ಏಳುವಾಗ ಮಂಡಿಯೊಳಗೆ ಉಸುಕು ಹಾಕಿ ತಿಕ್ಕಿದಂತೆ ಆಗುತ್ತದೆ, ಅದು ತನ್ನದು ಎಂದರು. ಚಿಗರಿಯದು ತಿಕ್ಕುವುದಿಲ್ಲ, ಒಂದೇ ಕಡೆ ಚುಚ್ಚುತ್ತದೆ, ಅದು ಮಲಗಿದರೆ ತಣ್ಣಗಾಗುತ್ತದೆ ಎಂದರು. ಒಂದು ದಿನ ತಾವಾಗಿಯೇ ಫೋನು ಮಾಡಿ, ಮೆಟ್ಟಿಲು ಇಳಿಯುವಾಗ ಹತ್ತುವಾಗಿನದಕ್ಕಿಂತ ಜಾಸ್ತಿ ಎಂದು ಮೊದಲು ಹೇಳಿರಲಿಲ್ಲ, ಅದನ್ನೂ ಹೇಳಬೇಕೇನು ಎಂದು ಕೇಳಿದರು. ಹೇಳಬೇಕು ಎಂದೆ.

ಮನೆಯಲ್ಲಿ ಇದು ಸಲೀಸಾಗಿ ನಡೆಯಲಿಲ್ಲ. ಹೆಂಡತಿ ನೋವಿನ ಮಾತಾಡುವುದು ಗುರುಪಾದಪ್ಪನವರಿಗೆ ಹೊಸದು. ದಿನಾ ಅದನ್ನೇ ಏನು ಹಾಡುತ್ತೀ, ನಾಯಿದು ಹೇಳು ಸಾಕು ಎಂದು ಒಮ್ಮೆ ರೇಗಿದರಂತೆ. ಕಸ್ತೂರೆವ್ವ ಅದನ್ನು ನನಗೆ ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

*

ನಿಗಾ ಕೋಣೆಯಲ್ಲಿ ಆ ದೀಪದ ಕಡೆ ನೋಡುವುದೇ ನನಗೆ ಒಂದು ಹಿಂಸೆಯಾಗಿತ್ತು. ಹಸಿರಾಗಿದ್ದರೆ, ಚಿಗರಿ ಆರಾಮಾಗಿದೆಯೋ ಕಸ್ತೂರೆವ್ವ ಮತ್ತೆ ಬಾಯಿ ಮುಚ್ಚಿದರೋ ಎಂದು ತಿಳಿಯದು. ಇರ್ಫಾನನಿಗೂ ಹಾಗೆಯೇ. ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಅದೇ ದೀಪದ ಎದುರು ಹಾದುಹೋಗುವ ಕೆಲಸ ಹುಡುಕಿಕೊಳ್ಳುತ್ತಿದ್ದೆವು.

ಅಮಾವಾಸ್ಯೆಯ ದಿನ ಊಟದ ಹೊತ್ತಿಗೆ ಅದು ಕೆಂಪಾಯಿತು. ಆ ದಿನ ಖಾನಾವಳಿಯಲ್ಲಿ ಹೋಳಿಗೆಯ ಊಟ, ಕಾಲಿಡಲು ಜಾಗವಿರುವುದಿಲ್ಲ. ಅಂಥ ಹೊತ್ತಿನಲ್ಲಿ ಅವರು ಒತ್ತಿದ್ದಾರೆ ಎಂದರೆ ಏನೋ ಇದೆ ಎಂದು ನಾನೇ ಗಾಡಿ ಹತ್ತಿದೆ.

ಹೋದಾಗ ಕಸ್ತೂರೆವ್ವ ಒಲೆಯ ಮುಂದಿರಲಿಲ್ಲ. ಹಂಚಿನ ಮೇಲೆ ಒಂದು ರೊಟ್ಟಿ ಸುಟ್ಟು ಕರಕಾಗಿತ್ತು. ಅವರು ಹಿತ್ತಲಲ್ಲಿ ಚಿಗರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಗುರುಪಾದಪ್ಪನವರು ಬಾಗಿಲಲ್ಲಿ ನಿಂತು, ಪಂಕ್ತಿ ಎದ್ದ ಮೇಲೆ ಒತ್ತಿದ್ದರೆ ಏನು ಗಂಟು ಹೋಗುತ್ತಿತ್ತು, ನಾಯಿ ಈಗ ತಾನೇ ಹಾಲು ಕುಡಿದಿದೆ ಎಂದು ಗೊಣಗುತ್ತಿದ್ದರು. ಚಿಗರಿ ನನ್ನನ್ನು ಕಂಡು ಬಾಲ ಅಲ್ಲಾಡಿಸಿತು. ಗಾಯ ಒಣಗಿತ್ತು, ಊತವಿಲ್ಲ, ಜ್ವರವಿಲ್ಲ. ಬೇರೆ ಯಾವ ವೈದ್ಯರಾದರೂ ಎಲ್ಲ ಸರಿಯಿದೆ ಎಂದು ಹೇಳಿ ಎದ್ದುಬಿಡುತ್ತಿದ್ದರು.

"ಬಡಕೊಳ್ಳಾಕ ಹತ್ತೈತ್ರಿ," ಎಂದರು ಕಸ್ತೂರೆವ್ವ. "ಅದು ಮಲಗಿದಾಗೂ ಬಡಕೋತೈತಿ. ಇದು ನಂದಲ್ಲ. ಖರೇನ ನಂದಲ್ರಿ."

ಸೂಜಿ ಹಾಕಿ ಮಂಡಿಯೊಳಗಿನ ನೀರು ತೆಗೆದೆ. ಅಕ್ಕಿ ತೊಳೆದ ನೀರಿನಂತೆ ಮಂಕಾಗಿತ್ತು. ಕ್ರಿಮಿ ಮತ್ತೆ ತಲೆಯೆತ್ತಿತ್ತು, ಆದರೆ ಅಂದೇ ಎತ್ತಿತ್ತು. ಅಲ್ಲಿಂದಲೇ ಚಿಗರಿಯನ್ನು ಎತ್ತಿಕೊಂಡು ಬಂದು ಮಂಡಿ ತೊಳೆದು ಔಷಧಿ ಬದಲಿಸಿದೆವು. ಕಸ್ತೂರೆವ್ವ ಹಿಟ್ಟಿನ ಕೈಯಲ್ಲೇ ಗಾಡಿ ಹತ್ತಿದ್ದರು. ಚಿಗರಿಯ ಮಂಡಿ ತಣ್ಣಗಾಗುತ್ತಾ ಬಂದದ್ದನ್ನು ನಮ್ಮ ಯಂತ್ರಗಳಿಗಿಂತ ಮೊದಲು ಅವರೇ ಹೇಳಿದರು.

ಆಮೇಲೆ ಎಲುಬು ಕೂಡಿತು. ಎಕ್ಸ್‌ರೇಯಲ್ಲಿ ಕಪ್ಪು ಬಳೆ ಹೋಗಿ ಬಿಳಿ ಸೇತುವೆ ಬಂದಿತ್ತು. ಪ್ಲೇಟು ತೆಗೆದೆವು. ಅದರ ಜೊತೆಗೇ ತಂತಿಯೂ ಹೊರಬಂತು. ಕ್ರಿಮಿಗೆ ಅಂಟಿಕೊಳ್ಳಲು ಇನ್ನೇನೂ ಉಳಿಯಲಿಲ್ಲ. ಹೊಲಿಗೆ ಬಿಚ್ಚಿದ ದಿನ ಚಿಗರಿ ಆಸ್ಪತ್ರೆಯ ಅಂಗಳದಲ್ಲಿ ಗಾಳಿಗೆ ಹಾರಿದ ಕಾಗದವೊಂದರ ಬೆನ್ನುಹತ್ತಿ ಓಡಿತು. ಚೆಂದದ ಓಟವೇನಲ್ಲ, ಎಡಗಾಲು ಮೊದಲಿನಂತೆ ಕುಪ್ಪಳಿಸುತ್ತಿತ್ತು. ಆದರೂ ಓಟ. ಗುರುಪಾದಪ್ಪನವರು ಎಲ್ಲರೆದುರು ಕಣ್ಣೊರೆಸಿಕೊಂಡರು. ಈ ಸಂಭ್ರಮದಲ್ಲಿ ಪಟ್ಟಿಯನ್ನು ವಾಪಸು ಇಸಿದುಕೊಳ್ಳುವುದು ಇರ್ಫಾನನಿಗೂ ಮರೆತುಹೋಯಿತು, ನನಗೂ ನೆನಪಾಗಲಿಲ್ಲ.

ಕೆಲವು ವಾರ ಕಳೆದಿರಬೇಕು. ನಿಗಾ ಕೋಣೆಯಲ್ಲಿ ಬೇರೊಂದು ನಾಯಿಯ ಗೆರೆ ನೋಡುತ್ತಾ ನಿಂತಿದ್ದೆವು. ಗೋಡೆಯ ಮೇಲೆ ಗುರುಪಾದಪ್ಪನವರ ಮನೆಯ ದೀಪ ಕೆಂಪಾಯಿತು. ಇರ್ಫಾನ್ ತನ್ನ ಮೇಜಿನ ಖಾನೆ ಎಳೆದು ಚಿಗರಿಯ ಪ್ಲೇಟನ್ನು ತೆಗೆದು ತೋರಿಸಿದ.

"ಪ್ಲೇಟು ಇಲ್ಲೇ ಐತಲ್ರಿ ಮೇಡಂ. ಅಲ್ಲಿಂದ ಏನೂ ಬರೂದು ಸಾಧ್ಯ ಇಲ್ಲ. ಸುಮ್ನ ಕೈ ತಾಗಿರಬೇಕು."

ನಾನು ದೀಪವನ್ನೇ ನೋಡುತ್ತಿದ್ದೆ. ಅದು ಆರಿತು. ಸ್ವಲ್ಪ ಹೊತ್ತಿಗೆ ಮತ್ತೆ ಕೆಂಪಾಯಿತು. ಇರ್ಫಾನನ ಮುಖ ಬದಲಾಯಿತು. ಪ್ಲೇಟನ್ನು ಖಾನೆಗೆ ಹಾಕಿ, ಗಾಡಿಯ ಕೀಲಿ ತೆಗೆದುಕೊಂಡು ನನಗಿಂತ ಮೊದಲು ಹೊರಟ.

ಖಾನಾವಳಿ ತುಂಬಿತ್ತು. ಜನ ತಾಟಿನ ಮುಂದೆ ಕೈ ಕಟ್ಟಿ ರೊಟ್ಟಿಗೆ ಕಾಯುತ್ತಿದ್ದರು. ನಮ್ಮ ಗಾಡಿ ಕಂಡದ್ದೇ ಗುರುಪಾದಪ್ಪನವರು ಗಾಬರಿಯಿಂದ ಗಲ್ಲಾ ಬಿಟ್ಟು ಎದ್ದು, ನಮ್ಮ ಹಿಂದೆಯೇ ಒಳಗೆ ಓಡಿ ಬಂದರು. ಚಿಗರಿ ಅಡುಗೆಮನೆಯ ಬಾಗಿಲಲ್ಲಿ ಬಲಗಾಲನ್ನು ಗಟ್ಟಿಯಾಗಿ ಊರಿ ನಿಂತು ನಮ್ಮನ್ನು ಮೂಸಿತು. ಕಸ್ತೂರೆವ್ವ ಒಲೆಯ ಮುಂದೆ ಕೂತಿದ್ದರು. ಪಟ್ಟಿ ಕಾಲಿಗೆ ಕಟ್ಟಿತ್ತು. ಏಳಲು ಹೋಗಿ ಏಳಲಾಗದೆ, ಒಂದು ಕೈಯನ್ನು ಗೋಡೆಗೆ ಊರಿಕೊಂಡಿದ್ದರು.

"ಚಿಗರಿಗೆ ಏನಾತ?" ಎಂದರು ಗುರುಪಾದಪ್ಪನವರು.

"ಚಿಗರಿಗೇನೂ ಆಗಿಲ್ರಿ," ಎಂದರು ಕಸ್ತೂರೆವ್ವ. ಹೊರಗೆ ಕೂತ ಗಿರಾಕಿಗಳಿಗೂ ಕೇಳುವಷ್ಟು ದನಿಯಿತ್ತು. "ನಂದು. ನನಗ ನೋಯಾಕತ್ತೈತಿ."

ನಾನು ಪ್ರಾಣಿಗಳ ವೈದ್ಯೆ, ಮನುಷ್ಯರ ಮಂಡಿ ನನ್ನ ವಿಷಯವಲ್ಲ. ಅವರನ್ನು ಎಲ್ಲಿಗೆ ಕರೆದೊಯ್ಯಬೇಕು ಎಂದು ಇರ್ಫಾನ್ ಆಗಲೇ ಯಾರಿಗೋ ಫೋನು ಹಚ್ಚುತ್ತಿದ್ದ. ನಾನು ನೆಲದ ಮೇಲೆ ಕೂತು ಪಟ್ಟಿ ಬಿಚ್ಚಿ ಕೈಯಿಟ್ಟೆ. ಮಂಡಿ ಊದಿತ್ತು, ಬಿಸಿಯಾಗಿತ್ತು. ಯಾವಾಗಿನಿಂದ ಹೀಗೆ ಎಂದು ಕೇಳಿದೆ. ಅವರು ಏನಿಲ್ಲ ಎನ್ನಲಿಲ್ಲ. ಮೊದಲ ಸಲ ನೋವು ಬಂದ ದಿನದಿಂದ ಶುರುಮಾಡಿ, ಒಂದೊಂದಾಗಿ ಹೇಳುತ್ತಾ ಹೋದರು. ಹೊರಗೆ ಯಾರೋ ರೊಟ್ಟಿ ಕೇಳಿದರು. ಗುರುಪಾದಪ್ಪನವರು ಒಲೆ ಆರಿಸಿ, ಹೆಂಡತಿಯ ಪಕ್ಕ ನೆಲದ ಮೇಲೆ ಕೂತು ಕೇಳಿದರು.